ದೊಡ್ಡ ಅಕ್ಷರವೋ, ಉಬ್ಬಿದ ಅಕ್ಷರವೋ?



ಗೋಕಾಕದ ನನ್ನ ಮನೆಯ ಗಣಕಯಂತ್ರಕ್ಕೆ ಉಬುಂಟು ಲಿನಕ್ಸ್ ಹಾಕಿಕೊಟ್ಟ ಹುಡುಗ ಹೊರಡುವಾಗ, "ಸರ, ನಿಮಗ ವಯಸ್ಸಾಗೇತಿ. ಅಕ್ಷರ ದೊಡ್ಡವು ಕಾಣಲಿ ಅಂತ ರೆಸಲ್ಯೂಶನ್ ಕಡಿಮಿ ಮಾಡೀನಿ" ಎಂದ. ಕಾಳಜಿಯ ಮಾತೇ, ಆದರೆ ತಪ್ಪು ಕೆಲಸ. ಎರಡು ವಾರಗಳಲ್ಲಿ ಕಣ್ಣು ಉರಿಯತೊಡಗಿತು. ನಿಮ್ಮ ಪತ್ರಗಳಿಗೆ ಉತ್ತರ ಬರೆಯುವುದನ್ನೇ ನಿಲ್ಲಿಸಿದೆ. ವೈದ್ಯರಲ್ಲಿಗೆ ಹೋದರೆ, ಕನ್ನಡಕದ ನಂಬರು ಬದಲಾಗಿಲ್ಲ ಎಂದರು! ಆಮೇಲೆ ನೋಡಿದರೆ ಮೂಡಲಗಿ, ಹುಕ್ಕೇರಿಗಳ ನಮ್ಮ ಬಂಧುಗಳ ಮನೆಗಳಲ್ಲಿಯೂ ಇದೇ ಉಪಚಾರ ನಡೆದಿತ್ತು. ಆದ್ದರಿಂದ ಈ ಬರಹ.

ಹಿಂದಿನ ಗಾಜಿನ ಕೊಳವೆಯ ಮಾನಿಟರುಗಳಲ್ಲಿ ಈ ಉಪಾಯ ನಡೆಯುತ್ತಿತ್ತು. ಇಂದಿನ ಎಲ್‌ಸಿಡಿ ಪರದೆಯ ಚುಕ್ಕೆಗಳ ಸಂಖ್ಯೆಯಾದರೋ ಕಾರ್ಖಾನೆಯಲ್ಲಿಯೇ ನಿಗದಿಯಾಗಿರುತ್ತದೆ. ನನ್ನ ಪರದೆಯಲ್ಲಿ ಅಡ್ಡಕ್ಕೆ 1920, ಎತ್ತರಕ್ಕೆ 1080, ಒಟ್ಟು 20,73,600. ಅದನ್ನು 1280×720ಕ್ಕೆ ಇಳಿಸಿದರೆ ಚಿತ್ರದಲ್ಲಿ ಉಳಿಯುವುದು 9,21,600 ಮಾತ್ರ. ಆಗ ಚಿತ್ರದ ಪ್ರತಿಯೊಂದು ಚುಕ್ಕೆಯನ್ನೂ ಪರದೆಯ ಒಂದೂವರೆ ಚುಕ್ಕೆಯ ಅಗಲಕ್ಕೆ ಹಿಗ್ಗಿಸಬೇಕು. ಅರ್ಧ ಚುಕ್ಕೆ ಎಂಬುದಿಲ್ಲ, ಅಂಚುಗಳು ಕಲಸಿಹೋಗುತ್ತವೆ. ಅಕ್ಷರ ಬೆಳೆಯುವುದಿಲ್ಲ, ಉಬ್ಬುತ್ತದೆ.

ಇಂಗ್ಲಿಷ್ ಅಕ್ಷರಗಳು ಈ ಪೆಟ್ಟನ್ನು ಹೇಗೋ ತಾಳಿಕೊಳ್ಳುತ್ತವೆ. ನಮ್ಮ ಲಿಪಿಗೆ ಅದು ಕಷ್ಟ. 'ದ'ಕಾರಕ್ಕೂ 'ಧ'ಕಾರಕ್ಕೂ, 'ಪ'ಕಾರಕ್ಕೂ 'ಷ'ಕಾರಕ್ಕೂ ಇರುವ ಅಂತರ ಒಂದು ಸಣ್ಣ ಗೆರೆ. 'ಹುಕ್ಕೇರಿ'ಯ ಒತ್ತು ಇನ್ನೂ ಸಣ್ಣದು. ಗೆರೆ ಮಸುಕಾದಾಗ ಹಿರಿಯರು ತಮ್ಮ ಕಣ್ಣನ್ನು ಹಳಿದುಕೊಳ್ಳುತ್ತಾರೆ. ಕಿರಿಯರು "ಲಿನಕ್ಸಿನಲ್ಲಿ ಕನ್ನಡ ಸರಿಯಿಲ್ಲ" ಎನ್ನುತ್ತಾರೆ. ಎರಡೂ ಅನ್ಯಾಯ.

ಸರಿಯಾದ ದಾರಿ ಸುಲಭವಾಗಿದೆ. ಸೆಟ್ಟಿಂಗ್ಸ್‌ನ ಡಿಸ್‌ಪ್ಲೇಸ್ ವಿಭಾಗದಲ್ಲಿ ರೆಸಲ್ಯೂಶನ್ನನ್ನು ಪರದೆಯ ಸಹಜ ಅಳತೆಗೇ ಇಡಿ. ಬಳಿಕ ಸ್ಕೇಲ್ ಎಂಬಲ್ಲಿ 125 ಅಥವಾ 150 ಪ್ರತಿಶತ ಆರಿಸಿ. ಇಲ್ಲವೇ ಆಕ್ಸೆಸಿಬಿಲಿಟಿಯಲ್ಲಿ ದೊಡ್ಡ ಅಕ್ಷರದ ಆಯ್ಕೆಯನ್ನು ಒತ್ತಿ. ಆಗ ಅದೇ ಅಕ್ಷರವನ್ನು ಹೆಚ್ಚು ಚುಕ್ಕೆಗಳಿಂದ ಬರೆಯಲಾಗುತ್ತದೆ. ಒತ್ತು ಒತ್ತಾಗಿಯೇ ಉಳಿಯುತ್ತದೆ. ಹೊಸ ರೆಸಲ್ಯೂಶನ್ ಹೊಂದದಿದ್ದರೆ ಹೆದರಬೇಡಿ. ನೀವು ಒಪ್ಪಿಗೆ ಕೊಡದಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಪರದೆ ಮೊದಲಿನಂತಾಗುತ್ತದೆ. ಸಹಜ ಅಳತೆ ಪಟ್ಟಿಯಲ್ಲಿಯೇ ಇಲ್ಲವೆಂದರೆ ಕೇಬಲ್ಲನ್ನು ಪರೀಕ್ಷಿಸಿ. ಪರದೆ ತನ್ನ ಅಳತೆಯನ್ನು ಗಣಕಕ್ಕೆ ತಿಳಿಸುವುದು ಅದರ ಮೂಲಕವೇ. ಕೇಬಲ್ ಸರಿಯಿದ್ದರೆ ಗ್ರಾಫಿಕ್ಸ್ ಡ್ರೈವರನ್ನು ನೋಡಿಸಿ.

ಶಾಲೆಯ ಹಳೆಯ ಪ್ರೊಜೆಕ್ಟರಿನ ಸಹಜ ಅಳತೆಯೇ 1024×768 ಆಗಿದ್ದರೆ ಅದನ್ನೇ ಇಡಿ, ನನ್ನ ತಕರಾರಿಲ್ಲ. ತಕರಾರಿರುವುದು, ಮುದುಕರಿಗೆ ಇಷ್ಟು ಸಾಕು ಎನ್ನುವ ಧೋರಣೆಯ ಬಗ್ಗೆ. ಮಸುಕಾದ ಕನ್ನಡ ನಮಗೆ ಸಾಕಾಗುವುದಿಲ್ಲ, ಮಕ್ಕಳೇ.

ಮುಂದಿನ ಸಲ ಊರಿಗೆ ಬಂದಾಗ ತಂದೆತಾಯಿಗಳ ಗಣಕದ ಮುಂದೆ ಐದು ನಿಮಿಷ ಕುಳಿತು ಇದನ್ನು ಸರಿಪಡಿಸಿ. ನನ್ನದು ಸರಿಯಾಗಿದೆ. ಬಾಕಿಯಿರುವ ಪತ್ರಗಳಿಗೆ ಈ ವಾರವೇ ಉತ್ತರಿಸುತ್ತೇನೆ.