ಹರಟೆ ಅಂತ ಮೂಗು ಮುರಿಯಬೇಡಿ

ಯುಗಾದಿ ಹತ್ತಿರವಾದರೆ ಸಾಕು, ಬೆಂಗಳೂರಿನ ಸಂಗೀತಪ್ರಿಯ ಗೃಹಿಣಿಯರದು ಒಂದೇ ಪ್ರಶ್ನೆ: 'ಈ ಸಲ ರಾಮನವಮಿಗೆ ಯಾರ್ಯಾರ ಕಛೇರಿ ಇರಬಹುದು ರೀ?' ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ಸಂಗೀತೋತ್ಸವದ ಪಟ್ಟಿ ಕೈಸೇರುವ ಮೊದಲೇ ನಮ್ಮದೊಂದು ಪಟ್ಟಿ ಸಿದ್ಧ! ಅದು ಮುಗಿದರೆ ಮಾತು ಧಾರಾವಾಹಿಗೆ ಹೊರಳುತ್ತದೆ. 1998ರಲ್ಲಿ ದೂರದರ್ಶನದಲ್ಲಿ ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಬರುತ್ತಿದ್ದಾಗಲೂ ಹೀಗೇ. ಯಾರದು ಸರಿ, ಯಾರದು ತಪ್ಪು ಅಂತ ಕಾಂಪೌಂಡ್ ಗೋಡೆಯ ಆಚೀಚೆ ನಿಂತು ವಾದ.

'ಹೆಂಗಸರಿಗೆ ಬೇರೆ ಕೆಲಸವಿಲ್ಲ' ಎನ್ನುವ ಗಂಡಸರು ಕ್ರಿಕೆಟ್ ತಂಡದಲ್ಲಿ ಯಾರಿರಬೇಕೆಂದು ಗಂಟೆಗಟ್ಟಲೆ ಮಾತಾಡುವುದಿಲ್ಲವೇ? ಅದು ಚರ್ಚೆ, ಇದು ಹರಟೆ! ಇದ್ಯಾವ ನ್ಯಾಯ? ಧಾರಾವಾಹಿಯ ಸೊಸೆಯ ನೆಪದಲ್ಲಿ ಎಷ್ಟೋ ಸಲ ನಾವು ಹೇಳಿಕೊಳ್ಳುವುದು ನಮ್ಮ ಮನಸ್ಸಿನ ಮಾತನ್ನೇ.

ನನ್ನ ತಕರಾರು ಬೇರೆ. ಇಷ್ಟೆಲ್ಲ ಲೆಕ್ಕ ಹಾಕುವ ನಮ್ಮಲ್ಲಿ ಎಷ್ಟು ಜನ ಕಛೇರಿಗೆ ಹೋಗುತ್ತೇವೆ? ಸಂಜೆಯಾದರೆ ಅಡುಗೆ, ಮಕ್ಕಳ ಹೋಂವರ್ಕ್. ಹಾಗಾಗಿ ಪಟ್ಟಿ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ಒಂದು ಸಂಜೆಗೆ ಗುರುತು ಹಾಕಿ, ಮನೆಯವರಿಗೆ ಮೊದಲೇ ಹೇಳಿಬಿಡಿ. ಒಂದು ರಾತ್ರಿ ಅವರೇ ಚಿತ್ರಾನ್ನ ಕಲಸಿಕೊಂಡರೆ ಗಂಟೇನೂ ಹೋಗುವುದಿಲ್ಲ!