ಆಕಾಶ, ಪರಲೋಕ, ಪರದೈಸ: ಒಂದು ಪದದ ಹಲವು ಅರ್ಥಗಳು

ಮಿರ್ಲೆ, ಸಾಲಿಗ್ರಾಮ, ಕೃಷ್ಣರಾಜನಗರದ ಸುತ್ತಿನ ಹಳ್ಳಿಗಳಲ್ಲಿ ಬಾಳುವ ಮುಸ್ಲಿಮರಿಗೆ ಕ್ರೈಸ್ತರು ದೂರದವರಲ್ಲ. ಡೋರ್ನಹಳ್ಳಿಯ ಸಂತ ಅಂತೋಣಿಯವರ ಬಸಿಲಿಕಾ ಇದೇ ಸೀಮೆಯಲ್ಲಿದೆ. ಜೂನ್ 13ರ ಹಬ್ಬಕ್ಕೆ ಹೊರಡುವ ಜನರನ್ನು ನಾವು ವರ್ಷವೂ ಕಾಣುತ್ತೇವೆ. ಅವರ ಮಕ್ಕಳೂ ನಮ್ಮ ಮಕ್ಕಳೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಈಚೆಗೆ ಅದೇ ಮಕ್ಕಳ ಮೊಬೈಲಿಗೆ ಬೈಬಲಿನ ವೈರುಧ್ಯಗಳ ಪಟ್ಟಿಗಳು ಬಂದು ಬೀಳುತ್ತಿವೆ. ಆ ಪಟ್ಟಿಗಳಲ್ಲಿ ತಪ್ಪದೆ ಇರುವ ಒಂದು ವಾದ ಹೀಗಿದೆ: ಪ್ರವಾದಿ ಇಲ್ಯಾಸ್(ಅ), ಅಂದರೆ ಬೈಬಲಿನ ಎಲೀಯ, ಸುಳಿಗಾಳಿಯಲ್ಲಿ ಮೇಲಕ್ಕೆ ಏರಿಹೋದರೆಂದು ಹಳೆಯ ಒಡಂಬಡಿಕೆ ಹೇಳುತ್ತದೆ (2 ಅರಸುಗಳು 2:11), ಮನುಷ್ಯಕುಮಾರನ ಹೊರತು ಯಾರೂ ಪರಲೋಕಕ್ಕೆ ಏರಿಹೋಗಿಲ್ಲವೆಂದು ಯೋಹಾನನ ಸುವಾರ್ತೆ ಹೇಳುತ್ತದೆ (3:13), ಆದ್ದರಿಂದ ಗ್ರಂಥವೇ ಸುಳ್ಳು.

ಈ ವಾದವನ್ನು ನಾವು ಒಪ್ಪುವುದಿಲ್ಲ. ಬೈಬಲಿನ ಇಂದಿನ ರೂಪದ ಬಗ್ಗೆ ಮುಸ್ಲಿಮರಿಗಿರುವ ನಿಲುವು ಸ್ಪಷ್ಟವಾಗಿಯೇ ಇದೆ. ಅದನ್ನು ಇಂತಹ ದುರ್ಬಲ ಆಧಾರದ ಮೇಲೆ ನಿಲ್ಲಿಸಬೇಕಾದ ಅಗತ್ಯವಿಲ್ಲ.

ಹೀಬ್ರೂ ಭಾಷೆಯ ‘ಶಾಮಯಿಮ್’ ಎಂಬುದು ಬಹುವಚನದಂತಿರುವ ಪದ. ನಮ್ಮ ಅರಬಿಯ ‘ಸಮಾವಾತ್’ ಅದರ ಸೋದರ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಅದರ ಸ್ಥಾನದಲ್ಲಿ ‘ಊರನೋಸ್’ ಇದೆ. ಹಕ್ಕಿ ಹಾರುವುದೂ ಮಳೆ ಸುರಿಯುವುದೂ ನಕ್ಷತ್ರಗಳಿರುವುದೂ ಅಲ್ಲಿಯೇ. ದೇವನ ಸಿಂಹಾಸನಕ್ಕೂ ಅದೇ ಪದ. ಆಲಯವನ್ನು ಕಟ್ಟಿಸಿದ ಸುಲೈಮಾನ್(ಅ) ತಮ್ಮ ಪ್ರಾರ್ಥನೆಯಲ್ಲಿ, ಆಕಾಶಗಳ ಆಕಾಶವೂ ಅವನನ್ನು ಒಳಗೊಳ್ಳಲಾರದು, ಇನ್ನು ತಾನು ಕಟ್ಟಿದ ಮನೆ ಎಷ್ಟರದು ಎಂದು ವಿನಮ್ರರಾಗಿ ಕೇಳುವುದು (1 ಅರಸುಗಳು 8:27) ಈ ಪದದಿಂದಲೇ. ಹೊಸ ಒಡಂಬಡಿಕೆಯಲ್ಲಿ ಪೌಲನು ಮೂರನೆಯ ಆಕಾಶವೊಂದನ್ನು ಹೇಳುತ್ತಾನೆ (2 ಕೊರಿಂಥ 12:2).

ಕನ್ನಡಕ್ಕೆ ತಂದವರಿಗೆ ಈ ಸೌಲಭ್ಯ ಇರಲಿಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು 19ನೆಯ ಶತಮಾನದ ಆರಂಭದಲ್ಲಿ ಈ ಕೆಲಸಕ್ಕೆ ಕೈಹಾಕಿದಂದಿನಿಂದಲೂ, ಒಂದು ಮೂಲಪದಕ್ಕೆ ಸಂದರ್ಭ ನೋಡಿ ಬೇರೆ ಬೇರೆ ಪದ ಆರಿಸುವುದು ಅನಿವಾರ್ಯವಾಗಿದೆ. ಇಂದು ಪ್ರೊಟೆಸ್ಟಂಟರ ಕನ್ನಡ ಬೈಬಲಿನಲ್ಲಿ ಸೃಷ್ಟಿಯ ಮೊದಲ ವಾಕ್ಯದಲ್ಲಿ ಆಕಾಶವಿದೆ, ಮತ್ತಾಯನಲ್ಲಿ ಪರಲೋಕರಾಜ್ಯವಿದೆ. ಕಥೋಲಿಕರ ಅನುವಾದದಲ್ಲಿ ಅದೇ ಸ್ವರ್ಗಸಾಮ್ರಾಜ್ಯವಾಗುತ್ತದೆ. ಕನ್ನಡದಲ್ಲಿ ಮಾತ್ರ ಓದುವವನಿಗೆ ಇವು ಬೇರೆ ಬೇರೆ ಲೋಕಗಳೆನಿಸುತ್ತವೆ, ಇಲ್ಲವೇ ಎಲ್ಲವೂ ಮರಣಾನಂತರದ ಸುಖಸ್ಥಾನವೆನಿಸುತ್ತದೆ.

ಹೆಚ್ಚಿನ ಗೊಂದಲ ಇರುವುದು ಈ ‘ಪರಲೋಕರಾಜ್ಯ’ದಲ್ಲಿಯೇ. ಮತ್ತಾಯನು ಈ ಪದಪುಂಜ ಬಳಸುವ ಕಡೆಗಳಲ್ಲಿ ಮಾರ್ಕನೂ ಲೂಕನೂ ‘ದೇವರ ರಾಜ್ಯ’ ಎನ್ನುತ್ತಾರೆ. ದೇವನಾಮವನ್ನು ಬಾಯಲ್ಲಿ ಹಗುರವಾಗಿ ಆಡಬಾರದೆಂಬ ಯಹೂದಿ ಭಕ್ತಿಯಿಂದ, ದೇವರು ಎನ್ನಬೇಕಾದೆಡೆ ಆಕಾಶ ಎನ್ನುವ ರೂಢಿ ಬಂದಿತೆಂದು ಅನೇಕ ವಿದ್ವಾಂಸರ ವಿವರಣೆ. ಪ್ರವಾದಿ ಯಹ್ಯಾ(ಅ) ನೀಡಿದ ಸ್ನಾನವು ಆಕಾಶದಿಂದ ಬಂದದ್ದೋ ಮನುಷ್ಯರಿಂದ ಬಂದದ್ದೋ ಎಂದು ಈಸಾ(ಅ) ಕೇಳಿದಾಗ (ಮತ್ತಾಯ 21:25) ಅಲ್ಲಿಯ ಆಕಾಶಕ್ಕೆ ದೇವನೆಂಬುದೊಂದೇ ಅರ್ಥ. ನಮ್ಮ ಹಳ್ಳಿಯ ಹಿರಿಯರು ಜಗಳ ತೀರ್ಮಾನಿಸುವಾಗ ಬೆರಳನ್ನು ಮೇಲೆತ್ತಿ ‘ಮೇಲಿರುವವನು ನೋಡಿಕೊಳ್ಳುತ್ತಾನೆ’ ಎನ್ನುವುದಿಲ್ಲವೇ? ಅವರು ಮೋಡವನ್ನು ತೋರಿಸುತ್ತಿದ್ದಾರೆಂದು ಯಾರೂ ತಿಳಿಯುವುದಿಲ್ಲ. ಹಾಗೆಯೇ, ಆ ರಾಜ್ಯ ಸಮೀಪಿಸಿತೆಂಬ ಬೋಧನೆಯು ಸಾವು ಹತ್ತಿರವಾಯಿತೆಂದು ಹೇಳುವುದಿಲ್ಲ. ದೇವನ ಆಳ್ವಿಕೆಗೆ ತಲೆಬಾಗಿರಿ ಎಂದು ಕರೆಯುತ್ತದೆ. ಈಸಾ(ಅ)ರ ಬಾಯಲ್ಲಿ ಈ ಕರೆ ಮುಸ್ಲಿಮನಿಗೆ ಅಪರಿಚಿತವೆನಿಸಬೇಕೇ?

ಇನ್ನು ಇಲ್ಯಾಸ್(ಅ)ರ ವಿಷಯ. ಯೋಹಾನನ ಆ ವಾಕ್ಯಕ್ಕೆ ಹಿಂದಿನ ಮಾತು (3:12) ಭೂಮಿಯ ಸಂಗತಿಗಳು ಮತ್ತು ಮೇಲಿನ ಸಂಗತಿಗಳನ್ನು ಕುರಿತದ್ದು. ಮೇಲೇರಿ ಅಲ್ಲಿಯ ರಹಸ್ಯ ತಂದವರಾರು ಎಂಬುದು ಅಲ್ಲಿಯ ಪ್ರಶ್ನೆಯೆಂದೂ, ಗಾಳಿಯಲ್ಲಿ ಒಯ್ಯಲ್ಪಟ್ಟವರ ಲೆಕ್ಕ ಅಲ್ಲಿಲ್ಲವೆಂದೂ ಕ್ರೈಸ್ತರು ಉತ್ತರಿಸುತ್ತಾರೆ. ಉತ್ತರ ಪೂರ್ತಿ ತೃಪ್ತಿಕರವೋ ಅಲ್ಲವೋ, ಅದನ್ನು ಕೇಳುವ ಮೊದಲೇ ನಗುವುದು ನ್ಯಾಯವಲ್ಲ. ಏಕೆಂದರೆ ಅದೇ ಪ್ರಶ್ನೆ ನಮ್ಮ ಬಾಗಿಲಿಗೂ ಬರುತ್ತದೆ. ಅಲ್ಲಾಹನು ಈಸಾ(ಅ)ರನ್ನು ತನ್ನೆಡೆಗೆ ಎತ್ತಿಕೊಂಡನೆಂದು ಕುರ್‌ಆನ್ ಹೇಳುತ್ತದೆ (4:158). ಮದ್ರಸದಲ್ಲಿ ನಾವು ‘ಆಕಾಶಕ್ಕೆ’ ಎಂದು ಕಲಿಸುತ್ತೇವೆ. ಹಾಗಾದರೆ ಲೆಕ್ಕಾಚಾರದ ದಿನಕ್ಕೆ ಮುನ್ನವೇ ಅವರು ಜನ್ನತ್ ಸೇರಿದರೇ ಎಂದು ಯಾರಾದರೂ ಕೇಳಿದರೆ, ಆಕಾಶ ಬೇರೆ, ಜನ್ನತ್ ಬೇರೆ ಎನ್ನುತ್ತೇವೆ. ಸೂರಃ ಅಲ್-ಹಜ್ಜ್‌ನ 15ನೆಯ ವಚನದಲ್ಲಿ ಬರುವ ‘ಸಮಾ’ವನ್ನು ಮನೆಯ ಸೂರು ಎಂದು ವ್ಯಾಖ್ಯಾನಿಸಿದ ಮುಫಸ್ಸಿರರೂ ಇದ್ದಾರೆ! ನಮ್ಮ ಗ್ರಂಥಕ್ಕೆ ಬೇಡುವ ಈ ವಿವೇಕವನ್ನು ಅವರ ಗ್ರಂಥಕ್ಕೂ ಸಲ್ಲಿಸಬೇಕು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಆಜ್ಞೆ (5:8) ವಾದದ ವೇಳೆಗೆ ರದ್ದಾಗುವುದಿಲ್ಲ.

ಸಜ್ಜನರ ನೆಲೆಗೆ ಹೊಸ ಒಡಂಬಡಿಕೆಯಲ್ಲಿ ಇನ್ನೊಂದು ಪದವಿದೆ. ಅದು ಬರುವುದು ಮೂರೇ ಬಾರಿ. ಕನ್ನಡದಲ್ಲಿ ಅದನ್ನು ‘ಪರದೈಸ’ ಎಂದು ಬರೆದಿದ್ದಾರೆ. ಗೋಡೆ ಸುತ್ತಿದ ತೋಟ ಎಂಬರ್ಥದ ಹಳೆಯ ಇರಾನಿ ಪದವೇ ಗ್ರೀಕಿಗೆ ಹೋಗಿ ಹೀಗಾಯಿತು. ಅರಬಿಯಲ್ಲಿ ಅದು ‘ಫಿರ್ದೌಸ್’. ಕುರ್‌ಆನ್‌ನಲ್ಲಿ ಅದು ಎರಡೆಡೆ ಇದೆ (18:107, 23:11). ಮನೆಯ ಹೆಣ್ಣುಮಗುವಿಗೆ ನಾವು ಪ್ರೀತಿಯಿಂದ ಇಡುವ ಹೆಸರೂ ಅವರ ಗ್ರಂಥದ ಪದವೂ ಒಂದೇ ಬೇರಿನವು. ‘ಜನ್ನತ್’ ಎಂದರೂ ತೋಟವೇ. ಅದನ್ನು ಕನ್ನಡದಲ್ಲಿ ‘ಸ್ವರ್ಗ’ ಎನ್ನುವಾಗ, ಪುಣ್ಯ ತೀರಿದೊಡನೆ ಮರಳಿ ಭೂಮಿಗಿಳಿಸುವ ಇಂದ್ರಲೋಕದ ನೆರಳೂ ಕೇಳುವವರ ಮನಸ್ಸಿನಲ್ಲಿ ಸುಳಿಯಬಹುದು. ಅನುವಾದದ ಕಷ್ಟ ಅವರೊಬ್ಬರದೇ ಅಲ್ಲ.

ಅವರ ಗ್ರಂಥದ ಅಂತ್ಯವಂತೂ ಮೇಲೆ ಹಾರಿಹೋಗುವುದರಲ್ಲಿ ಇಲ್ಲ. ಹೊಸ ಆಕಾಶ, ಹೊಸ ಭೂಮಿ ಉಂಟಾಗಿ, ಪವಿತ್ರ ನಗರವೊಂದು ಕೆಳಗಿಳಿಯುತ್ತದೆ (ಪ್ರಕಟನೆ 21). ನೀತಿವಂತರು ಭೂಮಿಗೆ ಹಕ್ಕುದಾರರಾಗುವರೆಂಬ ಕೀರ್ತನೆಯ ಮಾತನ್ನು (37:29) ಝಬೂರ್‌ನ ಹೆಸರೆತ್ತಿಯೇ ಕುರ್‌ಆನ್ ನೆನಪಿಸುತ್ತದೆ (21:105). ಜನ್ನತ್ ಪ್ರವೇಶಿಸಿದವರು ತಮ್ಮನ್ನು ಭೂಮಿಯ ವಾರಸುದಾರರನ್ನಾಗಿ ಮಾಡಿದ ಅಲ್ಲಾಹನನ್ನು ಸ್ತುತಿಸುವರೆಂದೂ ಅದು ಹೇಳುತ್ತದೆ (39:74).

ನಮ್ಮ ಮತ್ತು ಅವರ ನಡುವಿನ ನಿಜವಾದ ಭೇದ ಆ ತೋಟದ ಬಾಗಿಲಿನಲ್ಲಿದೆ. ಒಬ್ಬರ ಪಾಪಕ್ಕಾಗಿ ಇನ್ನೊಬ್ಬರು ಪ್ರಾಣತೆತ್ತು ಬಾಗಿಲು ತೆರೆಯುವರೆಂದು ಅವರು ನಂಬುತ್ತಾರೆ. ಯಾರ ಹೊರೆಯನ್ನೂ ಮತ್ತೊಬ್ಬರು ಹೊರಲಾರರು, ವಿಶ್ವಾಸ ಮತ್ತು ಸತ್ಕರ್ಮಗಳೊಡನೆ ಅಲ್ಲಾಹನ ಕರುಣೆಯೇ ದಾರಿ ಎಂದು ನಾವು ನಂಬುತ್ತೇವೆ. ನಮ್ಮ ಮಕ್ಕಳು ಪಕ್ಕದ ಬೆಂಚಿನ ಗೆಳೆಯನೊಡನೆ ಮಾತನಾಡಬೇಕಾದದ್ದು ಇದನ್ನು, ಅದೂ ಕುರ್‌ಆನ್ ಕಲಿಸಿದ ಉತ್ತಮ ರೀತಿಯಲ್ಲಿ (29:46).