ಅರಿಶಿನ-ಕುಂಕುಮ ಮತ್ತು 4.5ರ ಗೆರೆ

ಪ್ರಶ್ನೆ: ಕನ್ನಡದ ಸರ್ಕಾರಿ ಪರದೆಗಳಲ್ಲಿ ಹಳದಿ-ಕೆಂಪು ಬರಹಕ್ಕೂ ಕಾಂಟ್ರಾಸ್ಟ್ ಅನುಪಾತದ ನಿಯಮವನ್ನು ಸಡಿಲಿಕೆಯಿಲ್ಲದೆ ಕಡ್ಡಾಯಗೊಳಿಸಬೇಕೆ?

ಅಕ್ಷರದ ಹೊಳಪಿಗೂ ಅದರ ಹಿನ್ನೆಲೆಯ ಹೊಳಪಿಗೂ ಇರುವ ಅಂತರವನ್ನು ತಿಳಿಸುವ ಸಂಖ್ಯೆಯೇ ಕಾಂಟ್ರಾಸ್ಟ್ ಅನುಪಾತ. ಜಾಲತಾಣ ಸುಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡದ ಎಎ ಹಂತವು ಸಾಮಾನ್ಯ ಬರಹಕ್ಕೆ ಕನಿಷ್ಠ 4.5:1, ದೊಡ್ಡ ಬರಹಕ್ಕೆ 3:1 ಎಂದು ವಿಧಿಸುತ್ತದೆ. ಭಾರತ ಸರ್ಕಾರದ ಜಾಲತಾಣ ಮಾರ್ಗಸೂಚಿಯ 2023ರ ಮೂರನೆಯ ಆವೃತ್ತಿಯೂ ಇದನ್ನೇ ಆಧರಿಸಿದೆ. ಕನ್ನಡ ಬಾವುಟದ ಬಣ್ಣಗಳನ್ನು ಶುದ್ಧ ಹಳದಿ, ಶುದ್ಧ ಕೆಂಪಾಗಿ ಪರದೆಗೆ ತಂದರೆ ಅನುಪಾತ 3.72:1 ಮಾತ್ರ.

ಪರ

ಬಣ್ಣದ ಆಯ್ಕೆಯನ್ನು ವಿನ್ಯಾಸಕಾರನ ಕಣ್ಣಂದಾಜಿಗೆ ಬಿಡಲಾಗದು. ವರ್ಣ, ಗಾಢತೆ, ತಿಳಿತನ ಎಂಬ ಮೂರು ಅಂಶಗಳ ಎಚ್‌ಎಸ್‌ಎಲ್ ಪದ್ಧತಿಗೆ ಪರಿವರ್ತಿಸಿದಾಗ ಹಳದಿ, ಕೆಂಪು ಎರಡರ ತಿಳಿತನವೂ ಶೇ 50 ಎಂದೇ ಬರುತ್ತದೆ. ಆದರೆ ಕಣ್ಣು ಹಸಿರಿಗೆ ಹೆಚ್ಚು, ಕೆಂಪಿಗೆ ಕಡಿಮೆ, ನೀಲಿಗೆ ಅತ್ಯಲ್ಪ ಸ್ಪಂದಿಸುವುದನ್ನು ಗಣಿಸಿ ಹೊಳಪನ್ನು ಲೆಕ್ಕಹಾಕಿದರೆ ಹಳದಿಗೆ 0.93, ಕೆಂಪಿಗೆ 0.21 ದೊರೆಯುತ್ತದೆ. ಪರಿಹಾರವೂ ಕಠಿಣವಲ್ಲ. ಹದಿನಾರರ ಎಣಿಕೆಯಲ್ಲಿ ಕೆಂಪಿನ ಅಂಶವನ್ನು ಸೂಚಿಸುವ ‘ಎಫ್‌ಎಫ್’ ಅನ್ನು, ಎಂದರೆ 255 ಅನ್ನು, ‘ಸಿ0’ಗೆ, ಎಂದರೆ 192ಕ್ಕೆ ಇಳಿಸಿದೊಡನೆ ಕುಂಕುಮ ತುಸು ಗಾಢವಾಗಿ ಅನುಪಾತ 6.03ಕ್ಕೆ ಏರುತ್ತದೆ. ಲಾಂಛನಗಳಿಗೆ ಮಾನದಂಡದಲ್ಲೇ ವಿನಾಯಿತಿ ಇರುವುದರಿಂದ ಬಾವುಟದ ಬಣ್ಣಕ್ಕೆ ಧಕ್ಕೆಯೂ ಇಲ್ಲ. ಡಿಜಿಟಲ್ ಸೇವೆಯ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿರುವಾಗ, ಮಂದದೃಷ್ಟಿಯವರು ತಮ್ಮ ಪಹಣಿಯನ್ನು ತಾವೇ ಓದಿಕೊಳ್ಳುವುದು ಯಾರದೋ ಔದಾರ್ಯಕ್ಕೆ ಬಿಟ್ಟ ವಿಷಯವಾಗಬಾರದು.

ವಿರೋಧ

ಸಂಖ್ಯೆ ದಾಟಿದ ಮಾತ್ರಕ್ಕೆ ಬರಹ ಓದಲು ಬರುತ್ತದೆಂಬ ಖಾತ್ರಿಯಿಲ್ಲ. ಕಪ್ಪಿನ ಮೇಲಿನ ಶುದ್ಧ ಕೆಂಪು ಬರಹ 5.25:1 ಪಡೆದು ಉತ್ತೀರ್ಣವಾಗುತ್ತದೆಯಾದರೂ, ಕೆಂಪನ್ನು ಗ್ರಹಿಸುವ ಕೋಶಗಳ ಕೊರತೆಯುಳ್ಳವರಿಗೆ ಅದು ಕತ್ತಲಲ್ಲಿ ಕರಗಿದಂತೆ ಕಾಣುತ್ತದೆ; ಅನುತ್ತೀರ್ಣವಾದ ಕೆಂಪಿನ ಮೇಲಿನ ಹಳದಿಯೇ ಅವರಿಗೆ ಹೆಚ್ಚು ಸ್ಪಷ್ಟ. ದೊಡ್ಡ ಬರಹವೆಂದರೆ 18 ಪಾಯಿಂಟ್ ಅಥವಾ ದಪ್ಪಗಿನ 14 ಪಾಯಿಂಟ್ ಎಂಬ ಅಳತೆ ರೋಮನ್ ಲಿಪಿಯನ್ನು ನೋಡಿ ಹುಟ್ಟಿದ್ದು. ‘ರಾಷ್ಟ್ರ’ ಎಂದು ಬರೆದಾಗ ಕೆಳಗೆ ಇಳಿಯುವ ಒತ್ತಕ್ಷರಗಳು ಅದೇ ಗಾತ್ರದಲ್ಲಿಯೂ ಕಿರಿದಾಗಿಯೇ ಉಳಿಯುತ್ತವೆ. ಇನ್ನು, ಪರದೆಯಿಂದ ಪ್ರತಿಫಲಿಸುವ ಸುತ್ತಲಿನ ಬೆಳಕಿಗೆಂದು ಅನುಪಾತದ ಸೂತ್ರವು ಎರಡೂ ಹೊಳಪುಗಳಿಗೆ ಸೇರಿಸುವುದು 0.05 ಮಾತ್ರ. ಅಫಜಲಪುರ ತಾಲ್ಲೂಕಿನ ಹವಳಗಾದಲ್ಲಿ, ಮಟಮಟ ಮಧ್ಯಾಹ್ನ ಕಬ್ಬಿನ ಹೊಲದ ಬದುವಿನ ಮೇಲೆ ಮೊಬೈಲ್ ತೆರೆದ ರೈತನಿಗೆ ಆ ಅಂಶ 0.5 ಆಗಿದೆಯೆಂದು ಭಾವಿಸಿದರೆ, 6.03ರ ಜೋಡಿಯೂ 2.33ಕ್ಕೆ ಕುಸಿಯುತ್ತದೆ. ಹೀಗಿರುವಾಗ ಕಡ್ಡಾಯ ಸಂಖ್ಯೆಯು ಕಚೇರಿಯ ಪಟ್ಟಿಯಲ್ಲಿ ಗುರುತು ಹಾಕಿ ಮುಗಿಸುವ ಕೆಲಸವಾಗಿ, ಓದುಗನ ಕಣ್ಣನ್ನೇ ಮರೆಸುವ ಅಪಾಯವಿದೆ.

ತೂಗಿ ನೋಡಿದರೆ

ವಿರೋಧದ ವಾದವು ನಿಯಮದ ಕೊರತೆಯನ್ನು ತೋರಿಸುತ್ತದೆಯೇ ಹೊರತು ಅದನ್ನು ಸಡಿಲಿಸಲು ಕಾರಣ ಕೊಡುವುದಿಲ್ಲ. ಬಿಸಿಲಿನಲ್ಲಿ 6.03 ಕುಸಿಯುವುದಾದರೆ 3.72 ಇನ್ನೂ ಕೆಳಗಿಳಿದು 2ಕ್ಕೆ ಬರುತ್ತದೆ. ಆದ್ದರಿಂದ 4.5 ಅನ್ನು ಕಡ್ಡಾಯವಾಗಿ ಉಳಿಸಿಕೊಂಡು, ಕನ್ನಡ ಪರದೆಗೆ ಒಪ್ಪಿಗೆ ನೀಡುವ ಮೊದಲು ಅದನ್ನು ಬಯಲಿನ ಬಿಸಿಲಿನಲ್ಲಿ, ಒತ್ತಕ್ಷರಗಳಿರುವ ಪದಗಳೊಂದಿಗೆ, ಮಂದದೃಷ್ಟಿಯವರಿಂದಲೇ ಓದಿಸಿ ನೋಡುವುದು ನ್ಯಾಯ.